ದೇವಗಡದ ದೀಪ ಎಡಕ್ಕೆ

ಕಾರವಾರದ ದೀಪಗಳನ್ನು ಹುಟ್ಟಿದಂದಿನಿಂದ ನೋಡಿದ್ದೇನೆ. ಅವುಗಳನ್ನು ಪಡುವಣದಿಂದ, ಕಡಲ ಮೇಲಿನಿಂದ ನೋಡಿದ್ದು ಕಳೆದ ಜನವರಿಯಲ್ಲೇ ಮೊದಲು. ಗೋವಾದಿಂದ ಕೊಚ್ಚಿಗೆ ಹಾಯಿದೋಣಿಗಳ ಸ್ಪರ್ಧೆಯಿತ್ತು. ಮೂವತ್ತನಾಲ್ಕು ಅಡಿಯ ಯಾಚ್ ಒಂದಕ್ಕೆ ಆರನೆಯ ಆಳು ಬೇಕಾಗಿತ್ತು. ಶಾಲೆಯ ರಜೆಗಳಲ್ಲಿ ಎರಡು ವರ್ಷ ಹಾಯಿ ಕಲಿತಿದ್ದ ನನ್ನನ್ನು ಕರೆದರು.

ಹೊರಡುವ ಮುನ್ನ ಬೈತಖೋಲ ಬಂದರಿಗೆ ಹೋಗಿ, ನಲವತ್ತು ವರ್ಷ ಬಲೆ ಬೀಸಿದ ನಮ್ಮ ಕೇರಿಯ ಹಿರಿಯರನ್ನು ಕಂಡೆ. "ತಮ್ಮಾ, ನಡುರಾತ್ರಿಯ ಮೇಲೆ ಗಾಳಿ ಗುಡ್ಡದ ಕಡೆಯಿಂದ ಬರುತ್ತದೆ. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಗಾಳಿಯೇ ಇರುವುದಿಲ್ಲ. ಆ ಹೊತ್ತಿನಲ್ಲಿ ಬಲೆಗಳನ್ನು ನೋಡಿಕೊ" ಎಂದರು.

ಮಧ್ಯಾಹ್ನ ಹೊರಟೆವು. ಬಿಸಿಲಿಗೆ ನೆಲ ಕಾದಂತೆ ವಾಯವ್ಯದ ಗಾಳಿ ಬಲಿಯಿತು. ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದಿನ ಗಾಳಿ. ಹಾಯಿ ಬಿಗಿಯುವ ರಾಟೆಯಾದ ವಿಂಚಿನ ಹಗ್ಗ ಎಳೆದೆಳೆದು ಅಂಗೈ ಸುಲಿಯಿತು. ಸಂಜೆಗೆ ಹೊಟ್ಟೆ ತೊಳಸಿದಾಗ ಒಣಶುಂಠಿ ಕೈಹಿಡಿಯಿತು. ನಾಲ್ಕು ತಾಸಿಗೊಮ್ಮೆ ಪಾಳಿ ಬದಲು, ಮೂವರು ಮೇಲೆ, ಮೂವರು ಒಳಗೆ.

ಒಂಬತ್ತರ ಸುಮಾರಿಗೆ ಎಡಕ್ಕೆ ದೇವಗಡ ದ್ವೀಪದ ದೀಪಸ್ತಂಭ ಮಿನುಗಿತು. ಅದರ ಹಿಂದೆ ಊರು, ಒಂದು ಗೆರೆಯಷ್ಟು ಬೆಳಕು. ಅರಗಾದ ನೌಕಾನೆಲೆಯಿಂದ ದೂರವಿರಲೆಂದು ನಮ್ಮ ದಾರಿಯನ್ನು ಮೊದಲೇ ಆಳಕ್ಕೆ ಹಾಕಿದ್ದರು. ಅಮ್ಮ ಆ ಹೊತ್ತಿಗೆ ಬಾಗಿಲು ಹಾಕಿ ಮಲಗಿರುತ್ತಾಳೆ ಎಂದುಕೊಂಡು ಬಹಳ ಹೊತ್ತು ಅತ್ತಲೇ ನೋಡಿದೆ.

ಹಿರಿಯರು ಹೇಳಿದಂತೆಯೇ ಆಯಿತು. ಅಂಕೋಲೆಯ ನೇರಕ್ಕೆ ಬರುವಾಗ ಗಾಳಿ ನಿಂತಿತು, ಹಾಯಿ ಜೋತುಬಿತ್ತು, ಸುತ್ತ ದೀಪಗಳು. ಹಸಿರಿನ ಕೆಳಗೆ ಬಿಳಿಯಿದ್ದರೆ ಟ್ರಾಲರ್ ಬಲೆ ಎಳೆಯುತ್ತಿದೆ ಎಂದರ್ಥ; ಕೆಂಪಿನ ಕೆಳಗೆ ಬಿಳಿಯಿದ್ದರೆ ಬೇರೆ ಬಗೆಯ ಬಲೆ. ಮೀನು ಹಿಡಿಯುತ್ತಿರುವ ದೋಣಿಗೆ ಹಾಯಿದೋಣಿ ದಾರಿ ಬಿಡಬೇಕು, ಇದು ಅಂತರರಾಷ್ಟ್ರೀಯ ನಿಯಮ. ಆದರೆ ಸಣ್ಣ ದೋಣಿಗಳಲ್ಲಿ ಇರುವುದು ಒಂದೇ ಬಲ್ಬು. ಬಲೆ ಯಾವ ಕಡೆಗೆ ಹಾಸಿದೆ ಎಂಬುದನ್ನು ಆ ಬಲ್ಬು ಹೇಳುವುದಿಲ್ಲ. ನಮ್ಮ ದೋಣಿಯ ತಳದಿಂದ ನೀರಿನೊಳಕ್ಕೆ ಇಳಿದ ರೆಕ್ಕೆ, ಅಂದರೆ ಕೀಲ್, ಒಂದಾಳಿಗಿಂತ ಆಳ. ಬಲೆಗೆ ಸಿಕ್ಕಿದರೆ ನಮಗೆ ಸ್ಪರ್ಧೆ ಹೋಗುತ್ತದೆ, ಅವರಿಗೆ ತಿಂಗಳ ಅನ್ನ ಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಸಾಧ್ಯವಿರಲಿಲ್ಲ.

ಸ್ಪರ್ಧೆಯಲ್ಲಿ ಎಂಜಿನ್ ಬಲದಿಂದ ಸಾಗುವಂತಿಲ್ಲ. ಪ್ರವಾಹ ನಮ್ಮನ್ನು ಒಂದು ದೋಣಿಯತ್ತ ಮೆಲ್ಲಗೆ ತಳ್ಳುತ್ತಿತ್ತು. ನಾಯಕರು ನನ್ನತ್ತ ತಿರುಗಿದರು. ಈ ಕಡಲಿನ ಭಾಷೆ ಬಲ್ಲವನು ದೋಣಿಯಲ್ಲಿ ನಾನೊಬ್ಬನೇ. ಮುಂತುದಿಗೆ ಹೋಗಿ ಕಂಬಿ ಹಿಡಿದು ಕೂಗಿದೆ: "ಅಣ್ಣಾ, ಬಲೆ ಯಾವ ಕಡೆಗಿದೆ?" ಕೊಂಕಣಿಯಲ್ಲಿ ಇನ್ನೊಮ್ಮೆ ಕೂಗಿದೆ. ಉತ್ತರವಾಗಿ ಟಾರ್ಚು ಹೊತ್ತಿತು. ಬೆಳಕು ನೀರಿನ ಮೇಲೆ ನಿಧಾನವಾಗಿ ಸರಿದು, ಸಾಲಾಗಿ ತೇಲುತ್ತಿದ್ದ ಬೆಂಡುಗಳನ್ನು ಒಂದೊಂದಾಗಿ ತೋರಿಸಿತು. ಕೊನೆಯ ಬೆಂಡು ನಮ್ಮಿಂದ ಐವತ್ತು ಮಾರು ದೂರದಲ್ಲಿತ್ತು.

ಸಿಕ್ಕ ಉಸಿರಿನಷ್ಟು ಗಾಳಿಯಲ್ಲಿ ಹಿಂದಕ್ಕೆ ತಿರುಗಿ ಸುತ್ತುಬಳಸಿದೆವು. ನಲವತ್ತು ನಿಮಿಷ ಹೋಯಿತು. ಹೊರಗಿನಿಂದ ಇನ್ನೆರಡು ಯಾಚ್‌ಗಳು ನಮ್ಮನ್ನು ದಾಟಿದವು. ನಾಯಕರು ಒಂದು ಮಾತೂ ಆಡದೆ ಚುಕ್ಕಾಣಿ ಹಿಡಿದಿದ್ದರು. ಅವರ ಮೇಲಿನ ಗೌರವ ನನಗೆ ಅಂದು ಇಮ್ಮಡಿಯಾಯಿತು.

ಎರಡು ಗಂಟೆಗೆ ಮೂಡಣದ ಗಾಳಿ ಬಂತು, ತಣ್ಣಗೆ, ತರಗೆಲೆ ಸುಟ್ಟ ಹೊಗೆಯ ವಾಸನೆಯೊಂದಿಗೆ. ಬೆಳಗಾದ ಮೇಲೆ ಬಲಕ್ಕೆ ನೇತ್ರಾಣಿ, ಎಡಕ್ಕೆ ಮಂಜಿನಲ್ಲಿ ಕಡ್ಡಿಯಷ್ಟು ಮುರ್ಡೇಶ್ವರದ ಗೋಪುರ.

ಕೊಚ್ಚಿ ಮುಟ್ಟಿದ್ದು ನಾಲ್ಕನೆಯ ದಿನ. ದೋಣಿಗಳ ಅಳತೆಗೆ ತಕ್ಕಂತೆ ಸಮಯ ತಿದ್ದಿದ ಮೇಲೆ ನಮಗೆ ಐದನೆಯ ಸ್ಥಾನ. ರೈಲಿನಲ್ಲಿ ಊರಿಗೆ ಮರಳಿ ನೇರ ಬೈತಖೋಲಕ್ಕೆ ಹೋದೆ. ಹಿರಿಯರು ಎಷ್ಟನೆಯವರಾದಿರಿ ಎಂದು ಕೇಳಲಿಲ್ಲ.

"ಯಾರ ಬಲೆಯಾದರೂ ಹರಿಯಿತೇ?"

"ಇಲ್ಲ ಮಾವ."

"ಹಾಗಾದರೆ ಕುಳಿತುಕೊ" ಎಂದು ಚಹಾ ತರಿಸಿದರು.