“ಏನೂ ಇಲ್ಲ ಸಾರ್” ಅಂದ್ಬಿಟ್ಟೆ

ಆಸ್ಪತ್ರೆ ಲೈಬ್ರರೀಲಿ ಕೂತು ಹತ್ತು ವರ್ಷದಿಂದ ಪಬ್‌ಮೆಡ್ (ವೈದ್ಯಕೀಯ ಸಂಶೋಧನಾ ಪೇಪರ್ ಹುಡುಕೋ ವೆಬ್‌ಸೈಟು) ತಡಕ್ತಾ ಇರೋಳು ನಾನು, ಆದ್ರೂ ಅವತ್ತಿನ ಮುಖಭಂಗ ನೆನಪಾದ್ರೆ ಈಗ್ಲೂ ಕಿವಿ ಬಿಸಿಯಾಗುತ್ತೆ.

ಬೆಳಿಗ್ಗೆ 8.20ಕ್ಕೆ ಐಸಿಯು ಸೀನಿಯರ್ ಫೋನು. “ಎಂಟೂವರೆಗೆ ಕೇಸ್ ಮೀಟಿಂಗ್ ಇದೆ, ಈ ಎರಡು ಡ್ರಗ್ ಒಟ್ಟಿಗೆ ಕೊಟ್ಟಿರೋದ್ರ ಬಗ್ಗೆ ಏನಿದ್ಯೋ ನೋಡಿ ಹೇಳಮ್ಮ.” ಮೆಶ್, ಅಂದ್ರೆ ಪಬ್‌ಮೆಡ್‌ನ ಅಧಿಕೃತ ವಿಷಯಪದ ಹಾಕ್ದೆ, ಎರಡೂ ಡ್ರಗ್ ಇರೋ ಪೇಪರ್ ಮಾತ್ರ ಬರ್ಲಿ ಅಂತ ಆ್ಯಂಡ್ ಮಾಡ್ದೆ, ಬಂದಿದ್ದು ಎರಡೇ, ಅದ್ರಲ್ಲೊಂದು ಇಲಿ ಮೇಲೆ ಮಾಡಿದ್ದು. ಬ್ರ್ಯಾಂಡ್ ನೇಮು, ಹಳೇ ಹೆಸ್ರು ಯಾವ್ದಿದ್ರೂ ಬರ್ಲಿ ಅಂತ ಎಲ್ಲಾ ಆರ್ ಹಾಕಿ ಸೇರಿಸ್ದೆ, ನಾಲ್ಕಾಯ್ತು, ಕೆಲಸಕ್ಕೆ ಬರೋದು ಒಂದೂ ಇಲ್ಲ. ಟೈಮು 8.28. ಸ್ಕ್ರೀನ್ ಒಂದ್ಸಲ ನೆಟ್ಟಗೆ ನೋಡೋದು ಬಿಟ್ಟು, ನನಗೆ ಸಿಗದೇ ಇರೋದು ಎಲ್ಲಿರುತ್ತೆ ಅನ್ನೋ ಧಿಮಾಕಲ್ಲಿ “ಲಿಟರೇಚರ್‌ನಲ್ಲಿ ಏನೂ ಇಲ್ಲ ಸಾರ್” ಅಂದೆ.

ಅವ್ರು ಮೀಟಿಂಗಲ್ಲಿ ಅದನ್ನೇ ಹೇಳಿದ್ರು. ಹಿಂದಿನ ಸಾಲಲ್ಲಿದ್ದ ಪೀಜಿ ಹುಡುಗ ಮೊಬೈಲ್ ಎತ್ತಿ, “ಸಾರ್, ನಂಗೆ ಮೂವತ್ತೊಂದು ತೋರಿಸ್ತಿದೆ, ಒಂದು ಸಿಸ್ಟಮ್ಯಾಟಿಕ್ ರಿವ್ಯೂನೂ ಇದೆ” ಅಂದ್ನಂತೆ. ಅಂದ್ರೆ ಆ ವಿಷಯದ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಿಗೆ ತೂಗಿ ನೋಡಿದ ಪೇಪರ್.

ಓಡಿಬಂದು ನೋಡಿದ್ರೆ ಎಡಗಡೆ ‘ಫ್ರೀ ಫುಲ್ ಟೆಕ್ಸ್ಟ್’, ‘1 ಇಯರ್’ ಎರಡಕ್ಕೂ ಟಿಕ್ಕು! ಅಂದ್ರೆ ಪೂರ್ತಿ ಫ್ರೀಯಾಗಿ ಓದೋಕೆ ಸಿಗೋ, ಒಂದು ವರ್ಷದೊಳಗಿನ ಪೇಪರ್ ಮಾತ್ರ ತೋರಿಸು ಅಂತ. ಹಿಂದಿನ ದಿನ ಒಬ್ಬ ಸ್ಟೂಡೆಂಟ್‌ಗೋಸ್ಕರ ನಾನೇ ಹಾಕಿದ್ದು. ಪಬ್‌ಮೆಡ್ ಒಂದ್ಸಲ ಹಾಕಿದ ಫಿಲ್ಟರ್ ನಾವು ತೆಗೆಯೋವರೆಗೂ ಮುಂದಿನ ಸರ್ಚ್‌ಗೂ ಹಂಗೇ ಹಾಕ್ಕೊಂಡೇ ಹೋಗುತ್ತೆ. ರಿಸಲ್ಟ್ ಮೇಲೆ ‘ಫಿಲ್ಟರ್ಸ್ ಅಪ್ಲೈಡ್’ ಅಂತ ಸಣ್ಣಕ್ಷರದಲ್ಲಿ ಬರ್ದೇ ಇರುತ್ತೆ, ಪಕ್ಕದಲ್ಲಿ ‘ಕ್ಲಿಯರ್ ಆಲ್’. ಎಂಟು ನಿಮಿಷ ಕಣ್ಣೆದುರೇ ಇತ್ತು.

ಮ್ಯಾನೇಜ್‌ಮೆಂಟ್‌ನೋರು “ನೆಟ್‌ನಲ್ಲಿ ಎಲ್ಲಾ ಫ್ರೀ ಇದ್ಯಲ್ಲ” ಅಂತ ಜರ್ನಲ್ ಚಂದಾ ಕತ್ತರಿಸಿದ್ಮೇಲೆ ಆ ಟಿಕ್ ಹಾಕೋದು ಕೈಗೆ ಅಂಟಿದ ಚಟ. ಸ್ವಾಮಿ, ಪಬ್‌ಮೆಡ್ 1997ರಿಂದ ಫ್ರೀ, ನಿಜ, ಆದ್ರೆ ಹುಡುಕೋದು ಮತ್ತೆ ಅಬ್‌ಸ್ಟ್ರಾಕ್ಟ್ (ಪೇಪರ್‌ನ ಸಾರಾಂಶ) ಓದೋದು ಮಾತ್ರ. ಪೂರ್ತಿ ಪೇಪರ್ ಫ್ರೀಯಾಗಿ ಇಟ್ಟಿರೋದು 2000ದಲ್ಲಿ ಶುರುವಾದ ಪಬ್‌ಮೆಡ್ ಸೆಂಟ್ರಲ್, ಅಲ್ಲೂ ಎಲ್ಲಾ ಇಲ್ಲ. ಆ ಟಿಕ್ ಹಾಕಿದ್ರೆ ಫ್ರೀ ಅಲ್ಲದ ಪೇಪರ್‌ನ ಅಬ್‌ಸ್ಟ್ರಾಕ್ಟೂ ಮಾಯ.

ಆ ರಿವ್ಯೂ ಪಬ್ಲಿಷರ್ ಸೈಟಲ್ಲಿ ದುಡ್ಡು ಕೇಳ್ತು. ಪೇಪರ್‌ನ ಫ್ರೀ ಕಾಪಿ ಎಲ್ಲಾದ್ರೂ ಇದ್ಯಾ ಅಂತ ಹುಡುಕೋ ಅನ್‌ಪೇವಾಲ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್ ಮಾತ್ರ ‘ಇದೆ’ ಅಂತ ಹಸಿರು ಬೀಗ ತೋರಿಸ್ತು, ಯೂನಿವರ್ಸಿಟಿ ರೆಪಾಸಿಟರೀಲಿ (ಪೇಪರ್ ಇಡೋ ಆನ್‌ಲೈನ್ ಭಂಡಾರ) ಆಥರ್ ಮ್ಯಾನುಸ್ಕ್ರಿಪ್ಟು, ಎರಡು ನಿಮಿಷದ ಕೆಲಸ. ಅದೂ ಸಿಗದಿದ್ರೆ ಆಥರ್‌ಗೇ ಒಂದು ಮೇಲ್ ಹಾಕೋದು, ಸುಮಾರು ಜನ ಕಳಿಸ್ತಾರೆ. ಜರ್ನಲ್‌ಗಿಂತ ಮುಂಚೆ ಪೇಪರ್ ಹಾಕೋ ಮೆಡ್‌ಆರ್‌ಕೈವ್ ಸೈಟಿಂದು ಸಿಕ್ಕಿದ್ರೆ ಮಾತ್ರ ‘ಪ್ರಿಪ್ರಿಂಟ್, ಪಿಯರ್ ರಿವ್ಯೂ (ಬೇರೆ ತಜ್ಞರ ಪರಿಶೀಲನೆ) ಆಗಿಲ್ಲ’ ಅಂತ ಮೇಲೇ ಬರ್ದು ಕೊಡ್ತೀನಿ.

ಹತ್ತೂವರೆಗೆ ಪ್ರಿಂಟ್ ಹಿಡ್ಕೊಂಡು ಹೋಗಿ ತಪ್ಪು ಒಪ್ಕೊಂಡೆ. ಸಾರ್ ಬೈಲಿಲ್ಲ. ಈಗ ಫೋನ್ ಮಾಡಿದ್ರೆ ಹಲೋಗಿಂತ ಮುಂಚೆ “ಟಿಕ್ ತೆಗ್ದಿದ್ದೀಯೇನಮ್ಮ?” ಅಂತಾರೆ.