ಗುರುತಿನ ಕೆಳಗಿನ ನಂಬರ್

ಕುಶಾಲನಗರದ ಪಕ್ಕದ ಕೂಡ್ಲೂರಿನಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ಹಸನು ಮಾಡುವ ಕಾರ್ಖಾನೆ) ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಕೊಡಗು ಅಂದ ಕೂಡಲೇ ಎಲ್ಲರಿಗೂ ಮಳೆ ನೆನಪಾಗುತ್ತದೆ. ಆದರೆ ಮಡಿಕೇರಿಯಷ್ಟು ಮಳೆ ನಮ್ಮ ಕಡೆ ಇಲ್ಲ. ನಮ್ಮ ಗೋದಾಮು ತುಂಬಿ ತುಳುಕುವುದು ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಗೋಣಿಚೀಲ, ಒಣಗಿದ ಕಾಫಿ, ಹೊಟ್ಟು ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಬೋರ್‌ವೆಲ್ ಸೊರಗುವುದೂ ಆಗಲೇ. ಬೆಂಕಿ ಬಿದ್ದರೆ ನಮಗಿರುವ ಭರವಸೆ ಅಂಗಳದ ಪಕ್ಕದ ಒಂದು ಲಕ್ಷ ಲೀಟರ್ ಫೈರ್ ಟ್ಯಾಂಕ್ ಮಾತ್ರ. ನಮ್ಮ ಪಂಪ್ ನಿಮಿಷಕ್ಕೆ 2280 ಲೀಟರ್ ಎತ್ತುತ್ತದೆ. ಲೆಕ್ಕ ಹಾಕಿದರೆ 44 ನಿಮಿಷಕ್ಕೆ ಟ್ಯಾಂಕ್ ಖಾಲಿ.

ಅಷ್ಟೇ ಹೊತ್ತು ನಮ್ಮ ಕೈಲಿರುವುದು. ಆ 44 ನಿಮಿಷದಲ್ಲಿ ಒಂದು ವಾಲ್ವ್ ಕೈಕೊಟ್ಟರೂ ಕಥೆ ಮುಗಿಯಿತು.

ಕಳೆದ ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ತೊಳೆಸಿದೆವು. ಪಂಪಿಗೆ ಹೋಗುವ 150 ಎಂಎಂ ಸಕ್ಷನ್ ಲೈನಿನ ಗೇಟ್ ವಾಲ್ವ್ ತುಕ್ಕು ಹಿಡಿದು ಅರ್ಧಕ್ಕೇ ನಿಂತಿತ್ತು. ಹೊಸದಕ್ಕೆ ಆರ್ಡರ್ ಕೊಟ್ಟೆ. ಬಂದ ವಾಲ್ವಿನ ಮೈಮೇಲೆ ಎರಕದಲ್ಲೇ ಐಎಸ್‌ಐ ಎಂದು ಉಬ್ಬಕ್ಷರ ಇತ್ತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಗುರುತಿನ ಮೇಲೆ ಐಎಸ್ ನಂಬರ್ ಇಲ್ಲ, ಕೆಳಗೆ ಸಿಎಂ/ಎಲ್ ನಂಬರೂ ಇಲ್ಲ. ಅಸಲಿ ಗುರುತಿನಲ್ಲಿ ಈ ಎರಡೂ ಇರಲೇಬೇಕು. ಮೇಲಿನದು ಯಾವ ಮಾನದಂಡ ಅಂತ ಹೇಳುತ್ತದೆ, ಕೆಳಗಿನದು ಯಾರ ಲೈಸೆನ್ಸ್ ಅಂತ. ಅಂಗಡಿಯವರಿಗೆ ಫೋನ್ ಮಾಡಿದೆ. "ಎಲ್ಲರೂ ಇದನ್ನೇ ಹಾಕ್ತಾರೆ ಸರ್, ಇಲ್ಲಿವರೆಗೆ ಯಾರೂ ಕೇಳಿಲ್ಲ" ಎಂದರು. ವಾಪಸ್ ಕಳಿಸಿದೆ.

ಎರಡನೆಯದು ಬಂತು. ಅದರಲ್ಲಿ ಸಿಎಂ/ಎಲ್ ನಂಬರ್ ಇತ್ತು. ಐಎಸ್‌ಐ ಗುರುತಿಗೆ ಲೈಸೆನ್ಸ್ ಕೊಡುವ ಸಂಸ್ಥೆ ಬಿಐಎಸ್. ಅದರ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದೆ. ಲೈಸೆನ್ಸ್ ನಿಜವಾಗಿಯೂ ಇತ್ತು. ಆದರೆ ಅದು ಇದ್ದದ್ದು ಬೇರೆ ಕಂಪನಿಯ ಹೆಸರಲ್ಲಿ, ಅದೂ ಹಿತ್ತಾಳೆ ನಲ್ಲಿಗೆ! ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗ. ನಂಬರ್ ಇದೆಯಲ್ಲ ಅಂತ ಸುಮ್ನೆ ಬಿಟ್ಟಿದ್ದರೆ ಆ ವಾಲ್ವ್ ಇವತ್ತು ನಮ್ಮ ಲೈನಿನಲ್ಲಿರುತ್ತಿತ್ತು. ಅದಕ್ಕೇ ಹೇಳುತ್ತೇನೆ, ನಂಬರ್ ಹಾಕಿದಾಗ ಬರುವ ಹೆಸರು, ವಿಳಾಸ, ಯಾವ ಸಾಮಾನು, ಯಾವ ಸೈಜು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದನ್ನು ಪೂರ್ತಿ ಓದಿ. ನಮ್ಮ ಗೇಟ್ ವಾಲ್ವಿನಂಥ ಸ್ಲೂಸ್ ವಾಲ್ವ್ ಆದರೆ ಐಎಸ್ 14846 ಇರಬೇಕು. ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವಿಗೆ ಐಎಸ್ 5312, ಬೆಂಕಿ ಆರಿಸುವ ಹೋಸ್ ಪೈಪ್ ಸಿಕ್ಕಿಸುವ ಹೈಡ್ರಂಟಿನ ಲ್ಯಾಂಡಿಂಗ್ ವಾಲ್ವಿಗೆ ಐಎಸ್ 5290. ಪೈಪಿಗೆ ಐಎಸ್ 1239, ಅದರಲ್ಲೂ ಕೆಂಪು ಪಟ್ಟಿಯ, ದಪ್ಪ ಗೋಡೆಯ ಸಿ ಕ್ಲಾಸ್. ಹೊರದೇಶದ ಸಾಮಾನಾದರೆ ಹೆಚ್ಚಾಗಿ ಯುಎಲ್ ಅಥವಾ ಎಫ್‌ಎಂ ಎಂಬ ಅಮೆರಿಕದ ಪರೀಕ್ಷಾ ಸಂಸ್ಥೆಗಳ ಗುರುತು ಇರುತ್ತದೆ. ಅವರ ಪಟ್ಟಿಗಳೂ ಆನ್‌ಲೈನ್‌ನಲ್ಲಿವೆ, ಮಾಡೆಲ್ ನಂಬರ್ ಸಮೇತ ಹುಡುಕಬಹುದು. ಸರ್ಟಿಫಿಕೇಟಿನ ಜೆರಾಕ್ಸ್ ಕೊಟ್ಟರೆ ನಾನು ಈಗ ಒಪ್ಪುವುದಿಲ್ಲ.

ಮೂರನೆಯ ವಾಲ್ವ್ ಬೆಂಗಳೂರಿಂದ ಬಂತು. ಎಲ್ಲವೂ ತಾಳೆಯಾಯಿತು. ಮೂರು ವಾರ ಹೋಯಿತು, ದುಡ್ಡೂ ಜಾಸ್ತಿ ಆಯಿತು. "ವಾಲ್ವ್ ತಾನೇ, ನೀರು ನಿಲ್ಲಿಸಿದರೆ ಸಾಕಲ್ವಾ?" ಎಂದು ಮ್ಯಾನೇಜರ್ ಕೇಳಿದರು. ಈ ವಾಲ್ವ್ ವರ್ಷವಿಡೀ ತೆರೆದೇ ಇರಬೇಕು, ತೆರೆದಿದೆಯೋ ಇಲ್ಲವೋ ದೂರದಿಂದಲೇ ಕಾಣಬೇಕು ಎಂದೆ. ಅದಕ್ಕೇ ರೈಸಿಂಗ್ ಸ್ಪಿಂಡಲ್ ಇರುವುದನ್ನು ತರಿಸಿದ್ದು. ತೆರೆದಾಗ ಸ್ಪಿಂಡಲ್ ಮೇಲೆ ಎದ್ದು ನಿಲ್ಲುತ್ತದೆ. ರಾತ್ರಿ ಪಾಳಿಯ ವಾಚ್‌ಮ್ಯಾನ್ ಟಾರ್ಚ್ ಬಿಟ್ಟು ನೋಡಿದರೂ ಸಾಕು.

ಟ್ಯಾಂಕಿನ ಒಳಗೆ ಇನ್ನೊಂದು ಕೊರತೆ ಕಂಡಿತು. ಸಕ್ಷನ್ ಬಾಯಿಗೆ ಸುಳಿ ತಡೆಯುವ ವೋರ್ಟೆಕ್ಸ್ ಪ್ಲೇಟ್ ಇರಲಿಲ್ಲ. ನೀರು ಇಳಿಯುತ್ತಾ ಬಂದಾಗ ಸುಳಿ ಎದ್ದು ಗಾಳಿ ಪಂಪಿನೊಳಗೆ ಹೋಗುತ್ತದೆ. ಪಂಪ್ ತಿರುಗುತ್ತಿರುತ್ತದೆ, ನೀರು ಮಾತ್ರ ಬರುವುದಿಲ್ಲ. ಟ್ಯಾಂಕಿನಲ್ಲಿ ನೀರಿದ್ದೂ ಇಲ್ಲದಂತೆ. ಆ ಪ್ಲೇಟನ್ನು ಅಳತೆ ಕೊಟ್ಟು ಮಾಡಿಸಿದೆವು. ಫೈರ್ ಪಂಪ್‌ಗಳಿಗಿರುವ ಅಮೆರಿಕದ ಮಾನದಂಡ ಎನ್‌ಎಫ್‌ಪಿಎ 20ರ ಪ್ರಕಾರ ಪ್ಲೇಟಿನ ಉದ್ದ, ಅಗಲ ಎರಡೂ ಪೈಪಿನ ವ್ಯಾಸದ ಎರಡು ಪಟ್ಟಾದರೂ ಇರಬೇಕು. ತಳದಿಂದ ಎತ್ತರ ವ್ಯಾಸದ ಅರ್ಧ ಅಥವಾ 152 ಎಂಎಂ, ಯಾವುದು ಜಾಸ್ತಿಯೋ ಅದು. ನಮ್ಮದಕ್ಕೆ 300 ಎಂಎಂ ಚೌಕದ ಪ್ಲೇಟು, 152 ಎಂಎಂ ಎತ್ತರ ಬಂತು. ಕುಶಾಲನಗರದ ವೆಲ್ಡಿಂಗ್ ಶಾಪಿನ ಅಣ್ಣ ಒಂದೇ ದಿನದಲ್ಲಿ ಮಾಡಿಕೊಟ್ಟರು. ಯಾಕೆ ಬೇಕು ಅಂತ ಹೇಳಿದಾಗ ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

ಟ್ಯಾಂಕಿಗೆ ನೀರು ತುಂಬುವ ಲೈನನ್ನೂ ಬದಲಿಸಿದೆವು. ಈಗ ಬೋರ್‌ವೆಲ್ ನೀರು ಮೊದಲು ಫೈರ್ ಟ್ಯಾಂಕಿಗೆ ಬೀಳುತ್ತದೆ. ಅದು ತುಂಬಿ ಉಕ್ಕಿದ ಮೇಲೆ ಪಕ್ಕದ ಬಳಕೆ ಟ್ಯಾಂಕಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಂಗಳ ತೊಳೆಯಲು ಯಾರೂ ಫೈರ್ ನೀರಿಗೆ ಕೈ ಹಾಕುವಂತಿಲ್ಲ.

ಫೆಬ್ರವರಿಯಲ್ಲಿ ಪಂಪ್ ಓಡಿಸಿ ಟ್ಯಾಂಕ್ ತಳ ಕಾಣುವವರೆಗೂ ನೀರು ಎಳೆದೆವು. ನಾನು ಮ್ಯಾನ್‌ಹೋಲಿಗೆ ಬಗ್ಗಿ ನೋಡುತ್ತಲೇ ಇದ್ದೆ. ಪ್ಲೇಟಿನ ಹತ್ತಿರ ನೀರು ಬರುವವರೆಗೂ ಸುಳಿ ಏಳಲಿಲ್ಲ. ಹೊಸ ವಾಲ್ವಿನ ಸಿಎಂ/ಎಲ್ ನಂಬರನ್ನು ಪಂಪ್ ರೂಮಿನ ಗೋಡೆಯ ಮೇಲೆ ಬಿಳಿ ಪೇಂಟಿನಲ್ಲಿ ಬರೆಸಿದ್ದೇನೆ, ಮುಂದೆ ಬದಲಿಸುವವರಿಗೆ ಬೇಕಾಗುತ್ತದೆ.