ಆಟದ ಮೇಜಿಗೆ ಬಂದ ಸಿದ್ಧ ಟ್ಯಾಂಕುಗಳು

ಬಣ್ಣ ಬಳಿದು, ಗುರುತಿನ ಅಂಕಿಗಳನ್ನೂ ಮುದ್ರಿಸಿ ಪೂರ್ತಿ ಸಿದ್ಧವಾಗಿಯೇ ಬರುವ ಪುಟ್ಟ ಯುದ್ಧವಾಹನಗಳನ್ನು ನಾನು ಹಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಮೊದಮೊದಲು ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಂಡೆ: ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಾದ ಒಂದು ಟೈಗರ್, ಅಮೆರಿಕದ ಒಂದು ಶೆರ್ಮನ್, ಸೋವಿಯತ್ತರ ಒಂದು ಟಿ-34. ಕಪಾಟು ತುಂಬಿತು. ಆದರೆ ಯುದ್ಧದ ಆಟವಾಡಲೆಂದು ಮೇಜಿನ ಮೇಲೆ ಎರಡು ಪಡೆಗಳನ್ನು ಎದುರುಬದುರು ನಿಲ್ಲಿಸಲು ಹೊರಟ ದಿನ, ಒಂದೇ ಕದನದಲ್ಲಿ ಜೊತೆಯಾಗಿ ಇದ್ದಿರಬಹುದಾದ ನಾಲ್ಕು ವಾಹನಗಳೂ ಆ ಕಪಾಟಿನಲ್ಲಿ ಸಿಗಲಿಲ್ಲ. ಅಂದಿನಿಂದ ಏನನ್ನು ಕೊಳ್ಳಬೇಕೆಂಬುದನ್ನು ಆಟವೇ ತೀರ್ಮಾನಿಸುತ್ತಿದೆ.

ಮೊದಲು ಇತ್ಯರ್ಥವಾಗಬೇಕಾದದ್ದು ಅಳತೆ. ಸಿದ್ಧ ಮಾದರಿಗಳು 1/72 (ನಿಜ ಗಾತ್ರದ ಎಪ್ಪತ್ತೆರಡರಲ್ಲಿ ಒಂದು ಭಾಗ), 1/87, 1/100, 1/144 ಹೀಗೆ ಹಲವು ಅಳತೆಗಳಲ್ಲಿ ಸಿಗುತ್ತವೆ. ತೋಪಿನ ನಳಿಗೆಯೂ ಸೇರಿ ಸುಮಾರು 8.45 ಮೀಟರ್ ಉದ್ದವಿದ್ದ ಟೈಗರ್, 1/72ರಲ್ಲಿ ಹನ್ನೊಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು, 1/144ರಲ್ಲಿ ಅದರ ಅರ್ಧ. ನಾನು 1/72ನ್ನು ಆರಿಸಿಕೊಂಡೆ. ತೋಪು ಹೊತ್ತು ತಿರುಗುವ ಟರೆಟ್ ಮೇಲಿನ ಅಂಕಿಯನ್ನು ಮೇಜಿನಾಚೆಯಿಂದಲೂ ಓದಲು ಸಾಧ್ಯವಾಗುತ್ತದೆ ಎಂಬುದೇ ಕಾರಣ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅದೇ ಅಳತೆಯಲ್ಲಿ ಒಂದು ಕಿಲೋಮೀಟರ್ ದೂರವೆಂದರೆ ಸುಮಾರು 14 ಮೀಟರ್. ಅಷ್ಟು ದೊಡ್ಡ ಮೇಜು ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಆಟದ ನಿಯಮಗಳು ನೆಲದ ದೂರಕ್ಕೆ ಬೇರೆಯದೇ, ಇನ್ನೂ ಕುಗ್ಗಿಸಿದ ಅಳತೆಯನ್ನು ಬಳಸುತ್ತವೆ. ಟ್ಯಾಂಕುಗಳು ಒಂದಕ್ಕೊಂದು ಅತಿ ಹತ್ತಿರ ನಿಂತಂತೆ ಕಾಣುವುದು ಈ ಕಾರಣದಿಂದಲೇ.

ಅಳತೆಯ ನಂತರ ಸಂಖ್ಯೆ. ಅಮೆರಿಕದ ಮಧ್ಯಮ ಟ್ಯಾಂಕ್ ಪ್ಲಟೂನಿನಲ್ಲಿ, ಅಂದರೆ ಚಿಕ್ಕ ತುಕಡಿಯಲ್ಲಿ, ಐದು ಶೆರ್ಮನ್‌ಗಳಿದ್ದವು. ಯುದ್ಧದ ಉತ್ತರಾರ್ಧದ ಸೋವಿಯತ್ ಪ್ಲಟೂನಿನಲ್ಲಿ ಮೂರು ಟಿ-34ಗಳು. ಹಲವು ಪ್ಲಟೂನುಗಳು ಕೂಡಿದ ಜರ್ಮನರ ಟೈಗರ್ ಕಂಪನಿಯಲ್ಲಿ, 1943ರ ವ್ಯವಸ್ಥೆಯಂತೆ, ಒಟ್ಟು ಹದಿನಾಲ್ಕು. ಹಾಗಾಗಿ ನಾನೀಗ ಬಿಡಿ ವಾಹನವನ್ನು ಕೊಳ್ಳದೆ ತುಕಡಿಯನ್ನು ಕೊಳ್ಳುತ್ತೇನೆ. 2005ರಲ್ಲಿ ಬಂದ ಆ್ಯಕ್ಸಿಸ್ ಅಂಡ್ ಅಲೈಸ್ ಮಿನಿಯೇಚರ್ಸ್ ಎಂಬ ಆಟ ಬಣ್ಣ ಬಳಿದ ಮಾದರಿಗಳನ್ನೇ ಕೊಟ್ಟಿತಾದರೂ, ಅದರ ಹೆಚ್ಚುವರಿ ಪೊಟ್ಟಣಗಳೊಳಗೆ ಏನಿದೆಯೆಂದು ಒಡೆಯುವವರೆಗೆ ತಿಳಿಯುತ್ತಿರಲಿಲ್ಲ. ತುಕಡಿ ಕಟ್ಟುವವರಿಗೆ ಅಂಥ ಮಾರಾಟದ ಕ್ರಮ ಹೊಂದುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಾದರಿಯ ಮೈಮೇಲೆ ಇಸವಿಯನ್ನು ಓದುವುದು. ಜರ್ಮನರಿಗೂ ಸೋವಿಯತ್ತರಿಗೂ ನಡೆದ 1943ರ ಜುಲೈ ತಿಂಗಳ ಕುರ್ಸ್ಕ್ ಕದನವನ್ನು ಆಡಬೇಕೆಂದುಕೊಳ್ಳಿ. ಜರ್ಮನರು ಗಾಢ ಬೂದು ಬಣ್ಣವನ್ನು ಬಿಟ್ಟು ಗಾಢ ಹಳದಿಯನ್ನು ಮೂಲಬಣ್ಣವಾಗಿ ಸ್ವೀಕರಿಸಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಆದ್ದರಿಂದ ಹಳದಿ ಟೈಗರ್ ಅಲ್ಲಿಗೆ ಸಲ್ಲುತ್ತದೆ, ಆದರೆ 1941ರ ರಷ್ಯಾ ರಣರಂಗದ ಆಟಕ್ಕೆ ಹಳದಿ ಬಣ್ಣದ ಜರ್ಮನ್ ಟ್ಯಾಂಕ್ ಸಲ್ಲುವುದಿಲ್ಲ. ಅದೇ ಟೈಗರಿನ ಮೈಮೇಲೆ ಸಾಲುಸಾಲಾಗಿ ಗೀರಿದಂತಹ ಒರಟು ಲೇಪ ಕಂಡರೆ ಅದು ಸಿಮರಿಟ್, ಅಂದರೆ ಅಯಸ್ಕಾಂತದ ಸ್ಫೋಟಕಗಳು ಅಂಟದಂತೆ ಬಳಿಯುತ್ತಿದ್ದ ಲೇಪ. ಅದು ಕುರ್ಸ್ಕ್ ಕದನದ ನಂತರ ಬಳಕೆಗೆ ಬಂದು 1944ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಎದುರು ಪಕ್ಷದಲ್ಲಿ ಟಿ-34-85 ನಿಂತಿದ್ದರೆ ಅದೂ ತಪ್ಪೇ. ದೊಡ್ಡ ಟರೆಟ್ಟಿನ ಆ ಟ್ಯಾಂಕ್ ರಣರಂಗಕ್ಕೆ ಬಂದದ್ದು 1944ರಲ್ಲಿ. ಪೆಟ್ಟಿಗೆಯ ಮೇಲಿನ ಬರಹವನ್ನೇ ನಂಬಿ ನಾನೊಮ್ಮೆ ಲೇಪವಿದ್ದ ಟೈಗರನ್ನು ಕುರ್ಸ್ಕ್‌ಗೆಂದು ಕೊಂಡೆ. ಈಗ ಅದು ಫ್ರಾನ್ಸಿನಲ್ಲಿ ನಡೆದ 1944ರ ನಾರ್ಮಂಡಿ ಕದನದ ಆಟಗಳಲ್ಲಿ ಗೌರವದಿಂದ ಪಾಲ್ಗೊಳ್ಳುತ್ತಿದೆ.

ವಸ್ತುವಿನ ವಿಷಯಕ್ಕೆ ಬಂದರೆ, ಎರಕದ ಲೋಹದ ಮಾದರಿಗಳಿಗೆ ತೂಕವಿದೆ, ಕೈತಾಗಿದರೂ ಜರುಗುವುದಿಲ್ಲ. ಆದರೆ ಅಂಚುಗಳಲ್ಲಿ ಬಣ್ಣ ಬೇಗ ಏಳುತ್ತದೆ. ಹಳೆಯ ಎರಕಗಳಲ್ಲಿ ಇನ್ನೊಂದು ಅಪಾಯವಿದೆ: ಸತುವಿನ ಮಿಶ್ರಲೋಹದಲ್ಲಿ ಸೀಸದಂತಹ ಕಲ್ಮಶ ಸೇರಿದ್ದರೆ ಒಳಗಿನಿಂದಲೇ ಬಿರುಕು ಹಬ್ಬಿ ಮಾದರಿ ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. ಪ್ಲಾಸ್ಟಿಕ್ ಮಾದರಿಗಳಲ್ಲಿ ಮೆದು ವಿನೈಲ್ ಟ್ರ್ಯಾಕುಗಳನ್ನು ಗಮನಿಸಬೇಕು. ಅವುಗಳಿಂದ ಒಸರುವ ರಾಸಾಯನಿಕ ತಾಗಿದ ಕಡೆ ಗಟ್ಟಿ ಪ್ಲಾಸ್ಟಿಕನ್ನೂ ಕರಗಿಸಬಲ್ಲದು. ಪ್ರದರ್ಶನದ ಪೀಠಕ್ಕೆ ತಿರುಪಿನಿಂದ ಬಿಗಿದು ಬರುವ ಮಾದರಿಗಳನ್ನು ಬಿಚ್ಚುವಾಗ ನಳಿಗೆಯನ್ನು ಹಿಡಿಯದೆ ಒಡಲನ್ನೇ ಹಿಡಿಯಬೇಕು.

ಬೇರೆ ಬೇರೆ ತಯಾರಕರ ವಾಹನಗಳು ಒಂದೇ ತುಕಡಿಯಲ್ಲಿ ನಿಂತಾಗ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ. ಎಲ್ಲದಕ್ಕೂ ತೆಳುವಾದ ಕಂದುಬಣ್ಣದ ನೀರನ್ನು ಹರಿಸಿ, ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಶ್ ಬಳಿದರೆ ಅವು ಒಂದೇ ದಾರಿಯ ಧೂಳು ಕುಡಿದು ಬಂದಂತೆ ಕಾಣುತ್ತವೆ. ನಾರ್ಮಂಡಿಯ ನನ್ನ ಬ್ರಿಟಿಷ್ ಟ್ರೂಪಿಗೆ, ಅಂದರೆ ನಾಲ್ಕು ಟ್ಯಾಂಕುಗಳ ತುಕಡಿಗೆ, ಈ ಕೆಲಸ ಮುಗಿದಿದೆ, ಆದರೆ ಅದರಲ್ಲಿ ಮೂರೇ ಶೆರ್ಮನ್‌ಗಳಿವೆ. ನಾಲ್ಕನೆಯದು 17 ಪೌಂಡರ್ ಎಂಬ ಉದ್ದ ನಳಿಗೆಯ ತೋಪನ್ನು ಹೊತ್ತ ಶೆರ್ಮನ್, ಅಂದರೆ ಫೈರ್‌ಫ್ಲೈ ಆಗಬೇಕು. ಶತ್ರುಗಳ ಕಣ್ಣಿಗೆ ಉದ್ದ ನಳಿಗೆ ಗಿಡ್ಡದಾಗಿ ಕಾಣಲೆಂದು ಅದರ ಮುಂಭಾಗಕ್ಕೆ ಬೇರೆ ಬಣ್ಣ ಬಳಿಯುತ್ತಿದ್ದರು. ಅದನ್ನೂ ಸರಿಯಾಗಿ ತೋರಿಸಿರುವ ಮಾದರಿಗಾಗಿ ಹುಡುಕುತ್ತಿದ್ದೇನೆ.